‘ತಣ್ಣಗಿನಾಕಿ’ ಎಂದು ನಾನು ಬರೆದುಕೊಡಲಿಲ್ಲ

ಆ ಗುರುವಾರ ಮಾನ್ವಿಯ ದವಾಖಾನೆಯಲ್ಲಿ ನನ್ನ ಮೇಜಿನ ಮುಂದೆ ಇಬ್ಬರು ಹೆಂಗಸರು ಕೂತಿದ್ದರು. ಮಾತಾಡುತ್ತಿದ್ದವಳು ಒಬ್ಬಳೇ, ಅತ್ತೆ. ಸೊಸೆ ಸೆರಗನ್ನು ಹಣೆಯ ಮೇಲೆಳೆದುಕೊಂಡು ನೆಲ ನೋಡುತ್ತಿದ್ದಳು. ಅವಳ ಮೊಣಕಾಲಿಗೆ ಆತುಕೊಂಡು ನಿಂತಿದ್ದ ನಾಲ್ಕು ವರ್ಷದ ಹೆಣ್ಣುಮಗು ನನ್ನ ಸ್ಟೆತಸ್ಕೋಪಿನ ಮೇಲೇ ಕಣ್ಣಿಟ್ಟಿತ್ತು.

‘ಏನು ತ್ರಾಸು ನಿನಗ?’ ಅಂತ ಸೊಸೆಯನ್ನು ಕೇಳಿದೆ.

‘ತ್ರಾಸು ಆಕಿಗಲ್ರಿ, ನಮಗ,’ ಅಂದಳು ಅತ್ತೆ. ‘ತಣ್ಣಗಿನಾಕಿ ಅದಾಳ ಈಕಿ. ಗಂಡ ಬಾಜೂಕ ಬಂದ್ರ ಕಟ್ಟಿಗಿ ಆಗ್ತಾಳ. ಇದೊಂದು ಹೆಣ್ಣು ಹುಟ್ಟಿದ್ದು, ಆಮ್ಯಾಲ ಏನೂ ಇಲ್ಲ. ಈಕಿ ಬಾಳೇವಿಗಿ ಬರೂದಿಲ್ಲ ಅಂತ ಒಂದು ಚೀಟಿ ಬರದು ಕೊಡ್ರಿ. ಸಿಕ್ಕಾ ಹೊಡದು ಕೊಡ್ರಿ.’

ಚೀಟಿ ಯಾತಕ್ಕೆ ಎಂಬುದನ್ನೂ ಅವಳು ಮುಚ್ಚಿಡಲಿಲ್ಲ. ಮಗನಿಗೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದರು. ದಸರೆಯ ಬನ್ನಿ ಹಬ್ಬದ ಮರುದಿನ ಹಿರಿಯರ ಮುಂದೆ ಮಾತು. ಸೊಸೆಯ ತವರು ದೇವದುರ್ಗ. ಆ ಕಡೆಯವರು ಬಂದು ‘ನಮ್ಮ ಹುಡುಗಿ ತಪ್ಪೇನು?’ ಅಂದರೆ ಸರಕಾರಿ ಸಿಕ್ಕಾ, ಮೊಹರು, ಇದ್ದ ಕಾಗದ ತೋರಿಸಬೇಕು, ಆಮೇಲೆ ಅವಳನ್ನು ತವರಿಗೆ ಕಳಿಸಬೇಕು.

‘ಮಗು?’ ಅಂದೆ.

‘ಮಗಿ ನಮ್ಮ ಮನೀದು.’

ಸೊಸೆ ತಲೆ ಎತ್ತಲಿಲ್ಲ. ಮಗುವಿನ ತೋಳನ್ನು ಹಿಡಿದಿದ್ದ ಅವಳ ಬೆರಳು ಮಾತ್ರ ಬಿಗಿಯಾದವು, ಮಗು ‘ಯವ್ವಾ’ ಅಂತ ಕೊಸರಿಕೊಂಡಿತು.

ಅದು ಎರಡನೆ ಮಹಾಯುದ್ಧದ ಕಾಲ, ನಿಜಾಮರ ರಾಜ್ಯ. ರಾಯಚೂರಿನ ಆಸ್ಪತ್ರೆಯಲ್ಲಿ ಹೆಂಗಸರ ಜನಾನಾ ವಾರ್ಡಿಗೆ ನಾನು ಕಿರಿಯ ಲೇಡಿ ಡಾಕ್ಟರು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಗುರುವಾರಕ್ಕೊಮ್ಮೆ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಮಾನ್ವಿಗೆ ಟೂರು. ಇಳಿಯುವಾಗ ನನ್ನ ಬಿಳಿ ಸೀರೆಯೂ ಮುಖವೂ ಮಸಿ ಹಿಡಿದು ಒಂದೇ ಬಣ್ಣ. ಓದಿದ್ದು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ. ನಮ್ಮ ಫಿಸಿಯಾಲಜಿ ಪುಸ್ತಕದಲ್ಲಿ ಸಂತಾನದ ಬಗ್ಗೆ ಇದ್ದ ಕೊನೆಯ ಚಾಪ್ಟರಿನ ಹಾಳೆಗಳನ್ನು ಸಿಸ್ಟರುಗಳು ಗೋಂದು ಹಚ್ಚಿ ಅಂಟಿಸಿಬಿಟ್ಟಿದ್ದರು. ಮೆಡಿಕಲ್ ಸ್ಕೂಲಿನಲ್ಲಿ ಆ ಹಾಳೆಗಳು ತೆರೆದವು, ನಿಜ. ಆದರೆ ಹೆಂಗಸಿಗೆ ಆಸೆ ಹುಟ್ಟದಿರುವುದರ ಬಗ್ಗೆ ‘ಫ್ರಿಜಿಡಿಟಿ’ ಎಂಬ ತಲೆಬರಹದ ಕೆಳಗೆ ಅರ್ಧ ಪುಟ ಇತ್ತು. ಅದೂ ಪರೀಕ್ಷೆಗೆ ಬರುತ್ತಿರಲಿಲ್ಲ. ಕನ್ನಡದಲ್ಲಂತೂ ಅದಕ್ಕೆ ನನ್ನ ಹತ್ತಿರ ಒಂದು ಶಬ್ದವೂ ಇರಲಿಲ್ಲ.

‘ದಾಂಪತ್ಯದಲ್ಲಿ ನಿನಗೆ ಆಸಕ್ತಿ ಇದೆಯೇ?’ ಅಂತ ಕೇಳಿದೆ. ರಾಯಚೂರಿನಿಂದ ಜೊತೆಗೆ ಬಂದು ಹಿಂದೆ ನಿಂತಿದ್ದ ನಮ್ಮ ಆಯಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸೊಸೆಗೆ ನಾನು ಯಾವ ಭಾಷೆ ಮಾತಾಡಿದೆನೋ ತಿಳಿಯಲಿಲ್ಲ. ಅತ್ತೆ ಉತ್ತರ ಕೊಟ್ಟಳು: ‘ಏನೂ ಇಲ್ರಿ, ಬರಕೊಳ್ರಿ.’

ಬರೆದುಕೊಂಡೆ. ಅವಳ ಕೇಸಿನ ಕಾರ್ಡಿನ ತುಂಬ ಅತ್ತೆಯ ಮಾತೇ. ಆಮೇಲೆ ನಾಡಿ ನೋಡಿದೆ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಬ್ಲಾಟಿಂಗ್ ಪೇಪರಿನ ಮೇಲೆ ಒಂದು ಹನಿ ರಕ್ತ ತೆಗೆದು ಬಣ್ಣದ ಪಟ್ಟಿಗೆ ಹಿಡಿದೆ. ರಕ್ತ ಬಹಳ ಕಡಿಮೆ. ಕಾರಣ ಸಿಕ್ಕಿತು ಅಂದುಕೊಂಡೆ. ಮೈಯಲ್ಲಿ ರಕ್ತವಿಲ್ಲದವಳಿಗೆ ಆಸೆ ಎಲ್ಲಿಂದ ಬರಬೇಕು? ಒಂದು ತಿಂಗಳಿಗಾಗುವಷ್ಟು ಕಬ್ಬಿಣದ ಟಾನಿಕ್ಕು ಬರೆದೆ. ಚೀಟಿಯ ಮಾತು ಆಮೇಲೆ ನೋಡೋಣ ಅಂದೆ.

ತಿಂಗಳಾದ ಮೇಲೆ ಮತ್ತೆ ಹನಿ ರಕ್ತ, ಮತ್ತೆ ಬಣ್ಣದ ಪಟ್ಟಿ. ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

‘ದಿನಾ ಕುಡದ್ಯೇನು?’

‘ಕುಡದಾಳ್ರಿ,’ ಅತ್ತೆ ಅಂದಳು. ‘ಎಲ್ಲಾರೂ ಕುಡದಾರ. ನಮ್ಮನ್ಯಾಗ ನಾಕು ಮಂದಿ ಸೊಸ್ತ್ಯಾರು. ಒಬ್ಬಾಕಿಗಿ ಕೊಟ್ಟು ಮೂವರಿಗಿ ಬಿಟ್ರ ಮನಿ ಒಡಿತದ. ಎಂಟು ದಿನದಾಗ ಬಾಟಲಿ ಖಾಲಿ ಆತು. ಇನ್ನೊಂದೀಟು ದೊಡ್ಡದು ಕೊಡ್ರಿ.’

ಒಂದು ಬಾಟಲಿ, ನಾಲ್ಕು ಸೊಸೆಯಂದಿರು! ಕಾನ್ವೆಂಟಿನಲ್ಲಿ ಕಲಿತ ನನ್ನ ಶಾಂತಿ ಅವತ್ತು ಹೋಗಿಬಿಟ್ಟಿತು. ಸಿಟ್ಟಿನಲ್ಲೇ ಒಳಗೆ ಪರೀಕ್ಷೆಗೆ ಕರೆದುಕೊಂಡು ಹೋದೆ. ಮೇಜಿನ ಮೇಲೆ ಮಲಗಿಸಿದೆ, ಒಳಗೆ ಅಗಲಿಸಿ ನೋಡುವ ಸ್ಪೆಕ್ಯುಲಮ್ ತೆಗೆದೆ. ಅವಳು ಎರಡೂ ಮಂಡಿ ಒತ್ತಿಹಿಡಿದುಕೊಂಡಳು. ತೊಡೆಗಳು ಗಡಗಡ ನಡುಗುತ್ತಿದ್ದವು. ಎರಡು ಸಲ ಪ್ರಯತ್ನಿಸಿ ಕೈಬಿಟ್ಟೆ. ಕಾರ್ಡಿನ ಮೇಲೆ ‘ಅನ್‌ಕೋಆಪರೇಟಿವ್’ ಅಂತ ಬರೆದೆ. ನನ್ನ ಕೈಯಿಂದ ಬರೆದದ್ದರಲ್ಲಿ ಇಂದಿಗೂ ನಾಚಿಕೆಯಾಗುವ ಶಬ್ದ ಅದೊಂದೇ.

ತಿರುಗಿ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಬನ್ನಿಗೆ ಮೂರೂವರೆ ತಿಂಗಳೂ ಉಳಿದಿಲ್ಲ. ಹೆಂಗಸಿನ ಬಾಯಿಂದ ಒಂದು ಮಾತು ಹೊರಟಿಲ್ಲ. ಅವಳನ್ನು ಅತ್ತೆಯಿಂದ ದೂರ ಮಾಡದ ಹೊರತು ಹೊರಡುವುದೂ ಇಲ್ಲ. ಮುಂದಿನ ಗುರುವಾರ ಅತ್ತೆಗೆ ಹೇಳಿದೆ: ‘ಸುಮ್ನ ಚೀಟಿ ಬರಿಯಾಕ ಬರೂದಿಲ್ಲ. ರಾಯಚೂರಿನ್ಯಾಗ ಇಟ್ಟುಕೊಂಡು ನೋಡಬೇಕು.’ ಚೀಟಿಯ ಆಸೆಗೆ ಅತ್ತೆ ಒಪ್ಪಿದಳು. ಒಪ್ಪದವಳು ಸೊಸೆ.

‘ಮಗಿನ್ನ ಬಿಟ್ಟು ನಾ ಬರಂಗಿಲ್ಲ.’

ಅವಳ ದನಿ ನಾನು ಕೇಳಿದ್ದು ಅದೇ ಮೊದಲು. ಮಗುವಿಗೂ ಅದೇ ಮಂಚದಲ್ಲಿ ಜಾಗ ಕೊಟ್ಟೆ.

ವಾರ್ಡಿನಲ್ಲಿಯೂ ಮೂರು ದಿನ ಮೌನವೇ. ನಾನು ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತರೆ ಸಾಕು, ಸೆರಗು ಹಣೆಗೆ ಬರುತ್ತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದೆ. ಅಲ್ಲಿ ಮೆಟ್ಟಿಲ ಮೇಲೆ ಹೆಂಗಸರು ಒಬ್ಬರ ಹಿಂದೆ ಒಬ್ಬರು ಕೂತು ತಲೆ ಬಿಚ್ಚಿಕೊಂಡು ಹೇನು ನೋಡುತ್ತಿದ್ದರು. ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ ಮಾನ್ವಿಯ ಸೊಸೆ. ಮುಂದಿದ್ದವಳ ಕೂದಲಲ್ಲಿ ಬೆರಳಾಡಿಸುತ್ತಾ ಅರಳು ಹುರಿದಂತೆ ಮಾತಾಡುತ್ತಿದ್ದಳು. ಅವಳೇನಾ ಇವಳು ಅಂತ ನಿಂತು ನೋಡಿದೆ.

ನಮ್ಮ ಕಾನ್ವೆಂಟಿನ ಚಾಪೆಲ್ ನೆನಪಾಯಿತು. ಕ್ಯಾಥೊಲಿಕ್ ಹುಡುಗಿಯರು ಪಾಪ ಹೇಳಿಕೊಳ್ಳಲು ಶನಿವಾರ ಶನಿವಾರ ಕನ್ಫೆಷನ್‌ಗೆ ಹೋಗುತ್ತಿದ್ದರು. ನಡುವೆ ಜಾಲರಿ, ಫಾದರ್ ಅವರ ಮುಖ ಕಾಣುತ್ತಿರಲಿಲ್ಲ. ಮುಖ ಕಾಣದಿದ್ದರೆ ಎಂಥ ಮಾತೂ ಹೊರಬರುತ್ತದೆ ಅಂತ ನನ್ನ ಪಕ್ಕದ ಬೆಂಚಿನವಳು ಹೇಳುತ್ತಿದ್ದಳು. ನಾನೋ, ಕುರ್ಚಿ ಎಳೆದುಕೊಂಡು ಹೋಗಿ ಆ ಹೆಂಗಸಿನ ಮುಖಕ್ಕೇ ಮುಖ ಕೊಟ್ಟು ಕೂತು, ಇಂಥ ಪ್ರಶ್ನೆ ಕೇಳುತ್ತಿದ್ದೆ.

ಮರುದಿನ ಊಟದ ಹೊತ್ತು ಮುಗಿದ ಮೇಲೆ, ಉಳಿದವರು ಮಲಗಿದಾಗ, ಅವಳನ್ನು ಹಿಂದಿನ ಮೆಟ್ಟಿಲಿಗೆ ಕರೆದೆ. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ಅವಳಿಗೆ ಬೆನ್ನು ಮಾಡಿ ಕೂತೆ. ಪಿನ್ನು ತೆಗೆದು ಗಂಟು ಬಿಚ್ಚಿದೆ.

‘ನನ್ನ ತಲಿ ನೋಡ್ತೀಯೇನು?’

‘ಅಯ್ಯ ಶಿವನ! ಡಾಕ್ಟರಮ್ಮಾರಿಗೂ ಹೇನ ಇರ್ತಾವೇನ್ರಿ?’

‘ನಿನ್ನ ಮಗಳು ನಿನ್ನೆ ನನ್ನ ಹೆಗಲ ಮ್ಯಾಲ ಮಲಗಿದ್ದಳಲ್ಲ. ಈಗ ಇದ್ದಾವು.’

ಅವಳು ನಕ್ಕಳು. ಬೆರಳು ಕೂದಲಿಗೆ ಬಂದವು. ಸ್ವಲ್ಪ ಹೊತ್ತು ಮಳೆಯ ಮಾತು, ಶೇಂಗಾದ ಮಾತು. ಮುಂದಿದ್ದ ಬೇವಿನ ಮರವನ್ನು ನೋಡುತ್ತಲೇ, ಈ ಸಲ ಆಯಾಳಿಂದ ಕಲಿತ ಶಬ್ದಗಳಲ್ಲಿ ಕೇಳಿದೆ: ‘ಗಂಡ ಬಂದಾಗ ನಿನಗ ಏನಾಗ್ತದವ್ವ?’

ಬೆರಳು ನಿಂತವು. ನಾನು ತಿರುಗಲಿಲ್ಲ. ತಿರುಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

‘ಉಪ್ಪು ಹಚ್ಚಿದಂಗ ಆಗ್ತದ್ರಿ,’ ಅಂದಳು ನನ್ನ ತಲೆಯ ಹಿಂದಿನಿಂದ. ‘ಹಸೀ ಗಾಯಕ್ಕ ಉಪ್ಪು ಹಚ್ಚಿದಂಗ. ಈ ಮಗಿ ಹುಟ್ಟಿದಾಗ ದೇವದುರ್ಗದಾಗ ಎರಡು ದಿನ ಬ್ಯಾನಿ ತಿಂದೆ. ಹರದು ಹೋತು. ಸೂಲಗಿತ್ತಿ ಅರಿವಿ ಕಟ್ಟಿದ್ಲು. ಆವತ್ತಿಲಿಂದ ಹಂಗ ಅದ.’

‘ಗಂಡಗ ಹೇಳೀಯೇನು?’

‘ಅದನ್ನ ಹೆಂಗ ಹೇಳೂದ್ರಿ? ಬಾಗಿಲದ ಹೊರಗ ಅತ್ತಿ ಮಂಚ. ನಮ್ಮದು ಉಸುರು ಬಿಟ್ರ ಆಕಿಗಿ ಕೇಳ್ತದ. ಹಲ್ಲು ಕಚ್ಚಿ ಮಲಗ್ತೀನಿ. ಯಾವಾಗ ಮುಗೀತದೋ ಅಂತ.’

‘ಮಗು ಹುಟ್ಟೂದಕ್ಕಿಂತ ಮೊದಲು?’

‘ಆವಾಗ ನೋವು ಇದ್ದಿಲ್ಲ. ಏನೂ ಇದ್ದಿಲ್ಲ.’

‘ಸುಖಾ?’

‘ನನಗಾ?’ ಅವಳಿಗೆ ನಿಜವಾಗಿಯೂ ಆಶ್ಚರ್ಯ. ‘ಅದು ಗಂಡಸರದಲ್ರಿ?’

ಮರುದಿನ ಪರೀಕ್ಷೆ. ಈ ಸಲ ಸ್ಪೆಕ್ಯುಲಮ್ ಹೊರಗೇ ತೆಗೆಯಲಿಲ್ಲ. ಒಂದೇ ಬೆರಳು, ಧಾರಾಳ ಎಣ್ಣೆ, ಏನು ಮಾಡುತ್ತೇನೆ ಎಂಬುದನ್ನು ಮಾಡುವ ಮೊದಲೇ ಹೇಳುವುದು. ‘ಸಾಕು’ ಅಂದರೆ ಅಲ್ಲಿಗೇ ನಿಲ್ಲಿಸುತ್ತೇನೆ ಅಂತ ಮಾತು ಕೊಟ್ಟೆ. ಎರಡು ಸಲ ಅಂದಳು, ಎರಡು ಸಲವೂ ನಿಲ್ಲಿಸಿದೆ. ಮೂರನೆಯ ಸಲಕ್ಕೆ ಸಿಕ್ಕಿತು. ಯೋನಿಯ ಬಾಗಿಲಲ್ಲೇ, ಹಿಂಬದಿಗೆ, ಹಗ್ಗದ ಗಂಟಿನಂಥ ಒಂದು ಸ್ಕಾರ್, ಹಳೆಯ ಗಾಯದ ಗುರುತು. ಮುಟ್ಟಿದರೆ ಮಂಚದಿಂದ ಏಳುತ್ತಿದ್ದಳು. ನಾಲ್ಕು ವರ್ಷ ಇದರ ಮೇಲೆಯೇ ಸಂಸಾರ ನಡೆದಿತ್ತು, ಹೆಸರು ಮಾತ್ರ ತಣ್ಣಗಿನಾಕಿ.

ಸ್ಕಾರ್ ಕತ್ತರಿಸಿ ತೆಗೆದು ಹೊಸದಾಗಿ ಹೊಲಿಯಬೇಕು. ಹಿರಿಯ ಡಾಕ್ಟರನ್ನು ಕೇಳಲು ಹೋದೆ. ಯುದ್ಧದ ದೆಸೆಯಿಂದ ಸ್ಟೋರಿನಲ್ಲಿ ಉಳಿದಿದ್ದು ಹೊಲಿಗೆಯ ದಾರ, ನಾಲ್ಕು ಟ್ಯೂಬು ಕ್ಯಾಟ್‌ಗಟ್. ‘ಸಿಸೇರಿಯನ್‌ಗೆ ಬೇಕು, ಇಂಥ ಲಕ್ಷುರಿಗೆ ಅಲ್ಲ’ ಅಂದರು. ‘ಸರ್, ಒಂದು ಟ್ಯೂಬಿನಲ್ಲಿ ಮುಗಿಸುತ್ತೇನೆ’ ಅಂದೆ. ಒಪ್ಪುವವರೆಗೂ ಬಾಗಿಲು ಬಿಟ್ಟು ಕದಲಲಿಲ್ಲ. ತೇಪೆ ಹಾಕಿದ ಗ್ಲೌಸು, ನೋವು ಮರಗಟ್ಟಿಸುವ ನೊವೊಕೇನಿನ ಇಂಜೆಕ್ಷನ್ನು, ಆಯಾ ಅವಳ ತಲೆ ಹಿಡಿದುಕೊಂಡು ಕೂತಳು. ಗಂಟು ಪೂರ್ತಿ ತೆಗೆದು, ಒಳಗಿನ ಪದರ ಬೇರೆ, ಹೊರಗಿನ ಪದರ ಬೇರೆ, ಎಳೆತ ಬೀಳದಂತೆ ಹೊಲಿದೆ. ಒಂದು ಟ್ಯೂಬಿನಲ್ಲಿ ಗೇಣುದ್ದ ಉಳಿಯಿತು. ಹದಿನಾಲ್ಕು ದಿನ ಉಪ್ಪುನೀರಿನ ಟಬ್ಬು. ಆರು ವಾರ ಗಂಡ ಹತ್ತಿರ ಬರಬಾರದು ಅಂತ ಬರೆದು ಮನೆಗೆ ಕಳಿಸಿದೆ. ಗೆದ್ದೆ ಅಂದುಕೊಂಡಿದ್ದೆ.

ಆರು ವಾರದ ಮೇಲೆ ಮಾನ್ವಿಯಲ್ಲಿ ಬೆರಳಿಟ್ಟು ನೋಡಿದೆ. ಗಾಯ ರೇಷ್ಮೆಯ ಹಾಗೆ ಮಾಗಿತ್ತು. ಮುಂದಿನ ವಾರ ಬಾ ಅಂದೆ. ಬಂದಳು. ನಾನೇ ಅವಳಿಗೆ ಬೆನ್ನು ಮಾಡಿ ಔಷಧದ ಕಪಾಟು ಸರಿಪಡಿಸುತ್ತಾ ನಿಂತೆ.

‘ನೋವು ಇಲ್ರಿ,’ ಅಂದಳು. ‘ಅಷ್ಟ. ಬ್ಯಾರೆ ಏನೂ ಇಲ್ಲ. ಮನಿಯವ್ರಿಗಿ ನಾ ಇನ್ನೂ ಕಟ್ಟಿಗೀನ.’

ಬನ್ನಿಗೆ ಮೂರು ವಾರ ಉಳಿದಿತ್ತು. ನನ್ನ ಸೂಜಿಯ ಕೆಲಸ ಮುಗಿದಿತ್ತು, ವಿದ್ಯೆಯೂ ಅಲ್ಲಿಗೇ ಮುಗಿದಿತ್ತು. ನನಗಾಗ ಮದುವೆಯಾಗಿರಲಿಲ್ಲ, ಆಮೇಲೂ ಆಗಲಿಲ್ಲ. ಆ ಕಥೆ ಬೇರೆ. ಬಸ್ಸಿಗೆ ಕಾಯುತ್ತಾ ಆಯಾಳ ಹತ್ತಿರ ಒಪ್ಪಿಕೊಂಡೆ, ಇನ್ನು ಮುಂದೆ ಏನು ಅಂತ ನನಗೆ ಗೊತ್ತಿಲ್ಲ ಅಂತ. ಆಯಾ ನಡುವಯಸ್ಸಿನ ವಿಧವೆ, ಕೂಲಿ ಮಾಡುವವರ ಮನೆಯವಳು. ಅಕ್ಷರ ಬಾರದು, ನಾಲಗೆಗೆ ಹೆದರಿಕೆಯೂ ಬಾರದು.

‘ಅಮ್ಮಾರ, ನೀವು ಹರದದ್ದು ಹೊಲದ್ರಿ, ಖರೇ. ಆಸಿ ಹೊಲಿಯಾಕ ಬರ್ತದೇನ್ರಿ? ಹೆಂಗಸಿನ ಸುಖಕ್ಕೂ ಒಂದು ಕೊನಿ, ಕಡೀ ಇರ್ತದ. ಮುಟ್ಟಿದಾಕಿಗಿ ಗೊತ್ತಾಗ್ತದ, ಯಾರನೂ ಕೇಳೂದು ಬ್ಯಾಡ. ಆದ್ರ ಬಸ್ಸಿನ್ಯಾಗ ಜೋಡಿ ಹತ್ತಿದ ಗಂಡಸು ನಡು ಹಾದ್ಯಾಗ ಕಲ್ಲೂರಿಗೇ ಇಳದು ಮಲಗಿಬಿಟ್ರ, ಹೆಂಗಸು ರಾಯಚೂರು ಹೆಂಗ ಮುಟ್ಟಬೇಕು?’

‘ಸೀದಾ ಹೇಳು.’

ಸೀದಾ ಹೇಳಿದಳು. ಎಲ್ಲಿ, ಹೇಗೆ, ಎಷ್ಟು ಹೊತ್ತು. ನಾನು ನೋಟ್‌ಬುಕ್ ತೆಗೆದು ಬರೆದುಕೊಂಡೆ, ಅವಳಿಗೆ ನಗುವೋ ನಗು. ಅವಳು ಹೇಳಿದ ಜಾಗ ನಮ್ಮ ಅನಾಟಮಿ ಪುಸ್ತಕದಲ್ಲಿ ಕ್ಲಿಟೋರಿಸ್ ಎಂಬ ಹೆಸರಿನಿಂದ ಇತ್ತು. ಅದರ ನರ್ವ್ ಸಪ್ಲೈ ನನಗೆ ಬಾಯಿಪಾಠ. ಅದು ಯಾತಕ್ಕೆ ಅಂತ ಮಾತ್ರ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮುಂದಿನ ಗುರುವಾರ ಆ ಮಾತುಗಳನ್ನು ಸೊಸೆಗೆ ದಾಟಿಸಿದೆ. ‘ಇದು ಅವರಿಗಿ ಹೇಳೂರು ಯಾರ್ರಿ?’ ಅಂದಳು. ಆಗಲೇ ನಿರ್ಧಾರ ಮಾಡಿದೆ. ನಾನೇ ಹೇಳುತ್ತೇನೆ. ಜನಾನಾ ಡಾಕ್ಟರು ಗಂಡಸನ್ನು ಕರೆಸಿ ಇಂಥ ಮಾತಾಡುವುದು ಅಂದರೆ ಆಗ ಕೆಲಸಕ್ಕೇ ಸಂಚಕಾರ. ಆದರೂ ಕರೆಸಿದೆ.

ಶೇಂಗಾ ವ್ಯಾಪಾರದ ಮನುಷ್ಯ, ಮೂವತ್ತರ ಆಸುಪಾಸು. ಬೆಂಚಿನ ತುದಿಗೆ ಕೂತ. ಆಯಾ ಬಾಗಿಲಲ್ಲಿ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಮೊದಲು ಗಾಯದ ಕಥೆ ಹೇಳಿದೆ.

‘ನಾಕು ವರ್ಷಾ?’ ಅಂದ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ‘ನನ್ನ ಕಂಡ್ರ ಆಕಿಗಿ ಹೇಸಿಗಿ ಅಂತ ತಿಳಕೊಂಡಿದ್ದೆ ನಾ. ನಂಗೂ ಮನಸ್ಸು ಕೆಟ್ಟಿತ್ತು.’

ಉಳಿದದ್ದನ್ನು ‘ಗಂಡನಾದವನು’ ಅಂತ ಶುರುಮಾಡಿ, ಪಾಠ ಒಪ್ಪಿಸಿದ ಹಾಗೆ ಒಂದೇ ಉಸಿರಿಗೆ ಹೇಳಿದೆ. ಅವಸರ ಕೂಡದು. ಅವಳಿಗೆ ಬೇಕಾದ ಹೊತ್ತಿಗೆ, ಅವಳಿಗೆ ಬೇಕಾದಲ್ಲಿ ಕೈ. ಅವಳು ಕರೆಯುವವರೆಗೂ ಹತ್ತಿರ ಹೋಗಕೂಡದು. ಮತ್ತು ಅವರ ಕೋಣೆಯ ಬಾಗಿಲಿನಿಂದ ತಾಯಿಯ ಮಂಚ ಪಡಸಾಲೆಗೆ ಹೋಗಬೇಕು. ನನ್ನ ಕಿವಿ ಸುಡುತ್ತಿದ್ದವು, ಅವನವೂ ಕೆಂಪಗಿದ್ದವು.

‘ಆಕಿ ಬಾಯಿ ಬಿಟ್ಟು ಹೆಂಗ ಕರೀಬೇಕ್ರಿ?’

ಅದಕ್ಕೆ ಸೊಸೆಯೇ ಉಪಾಯ ಹುಡುಕಿಟ್ಟಿದ್ದಳು. ದಿನವೂ ಕೋಣೆಯಲ್ಲಿ ನೀರಿನ ತಂಬಿಗೆ ಇಡುವವಳು ಅವಳು. ಪಕ್ಕದ ಲೋಟ ಬೋರಲು ಹಾಕಿದ್ದರೆ ಬೇಡ, ಅಂಗಾತ ಇಟ್ಟಿದ್ದರೆ ಹೂಂ. ಅವನು ತಲೆಯಾಡಿಸಿದ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತ. ‘ಅಮ್ಮಾರ, ಮಂಚದ ಮಾತಿಗಿ ಮಾತ್ರ ಒಂದು ಚೀಟಿ ಕೊಡ್ರಿ, ಸಿಕ್ಕಾ ಹೊಡದು. ಇಲ್ಲಂದ್ರ ನಮ್ಮವ್ವ ಸರಿಯಂಗಿಲ್ಲ.’

‘ರೋಗಿಯ ಕೋಣೆಗೆ ಗಾಳಿ ಬೇಕು, ಬಾಗಿಲಿಗೆ ಅಡ್ಡ ಮಂಚ ಇರಬಾರದು’ ಅಂತ ಬರೆದು ಸಿಕ್ಕಾ ಹೊಡೆದೆ.

ಹಬ್ಬಕ್ಕೆ ಆರು ದಿನ ಇರುವಾಗ ಅತ್ತೆ ರಾಯಚೂರಿಗೇ ಬಂದಳು.

‘ನಾ ಕೇಳಿದ್ದು ಸೊಸಿನ್ನ ಕಳಸೂ ಚೀಟಿ. ನೀ ನನ್ನ ಮಂಚ ಕಳಸೂ ಚೀಟಿ ಕೊಟ್ಟೀ!’

‘ಆಕೀಗಿ ಗಾಯ ಇತ್ತು, ವಾಸಿ ಆಗ್ಯದ. ಬಾಳೇವಿಗಿ ಬರೂದಿಲ್ಲ ಅಂತ ನಾ ಬರಿಯಾಕ ಬರೂದಿಲ್ಲ, ಯವ್ವಾ.’

‘ನಿನಗಿಂತ ದೊಡ್ಡವರು ಅದಾರಿಲ್ಲಿ,’ ಅಂದು ಸೀದಾ ಹಿರಿಯ ಡಾಕ್ಟರ ಕೋಣೆಗೆ ಹೋದಳು. ಸಂಜೆ ನನಗೆ ಕರೆ ಬಂತು. ಗಂಡಸಿನ ಜೊತೆ ನಾನು ಮಾತಾಡಿದ ಸಂಗತಿಯೂ ಅವರ ಕಿವಿಗೆ ಬಿದ್ದಿತ್ತು.

‘ಜಸ್ಟ್ ಸೈನ್ ಇಟ್,’ ಅಂದರು. ‘ನೀವು ಬರೆಯದಿದ್ದರೂ ಅವರು ಎರಡನೆ ಮದುವೆ ಮಾಡುತ್ತಾರೆ. ನಿಮ್ಮ ಪ್ರೊಬೇಷನ್ ಫೈಲು ನನ್ನ ಮೇಜಿನ ಮೇಲಿದೆ. ವೈ ಮೇಕ್ ಎನಿಮೀಸ್?’

‘ಅದು ಸುಳ್ಳು, ಸರ್.’

‘ಮನೆಯೊಳಗಿನ ಮಾತು ಅದು.’

‘ಹಾಗಿದ್ದರೆ ಆಸ್ಪತ್ರೆಯ ಸಿಕ್ಕಾ ಯಾಕೆ ಬೇಕು, ಸರ್?’

ಅವರು ಫೈಲು ಮುಚ್ಚಿದರು. ನಾನು ಕ್ವಾರ್ಟರ್ಸಿಗೆ ಬಂದು ಟೇಬಲ್ಲಿಗೆ ಕೂತೆ. ನಮ್ಮ ಆಫೀಸಿನ ಕಾಗದಗಳೆಲ್ಲ ಉರ್ದುವಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಮಾನ್ವಿಯ ಹಿರಿಯರು ಓದಿ ತಿಳಿದುಕೊಳ್ಳಲಿ ಅಂತ ನಾನು ಕನ್ನಡದಲ್ಲಿ ಬರೆದೆ. ನಾಲ್ಕು ಸಲ ಹರಿದು ಐದನೆಯ ಸಲ ನೆಟ್ಟಗಾಯಿತು. ‘ಈ ಹೆಂಗಸನ್ನು ನಾನೇ ಪರೀಕ್ಷಿಸಿದ್ದೇನೆ. ಹೆರಿಗೆಯಲ್ಲಿ ಆದ ಗಾಯ ನಾಲ್ಕು ವರ್ಷ ಯಾರೂ ನೋಡದೆ ಉಳಿದಿತ್ತು. ಈಗ ವಾಸಿಯಾಗಿದೆ. ಇವಳ ಮೈಯಲ್ಲಾಗಲಿ ಮನಸ್ಸಿನಲ್ಲಾಗಲಿ ಸಂಸಾರಕ್ಕೆ ಅಡ್ಡಿಯಾಗುವ ದೋಷ ಯಾವುದೂ ಇಲ್ಲ.’ ಕೆಳಗೆ ಸಹಿ, ಸಿಕ್ಕಾ. ಅತ್ತೆಯ ಕೈಗೆ ಕೊಡಲಿಲ್ಲ. ಗುರುವಾರ ಮಾನ್ವಿಗೆ ಒಯ್ದು ಸೊಸೆಯ ಕೈಗೇ ಕೊಟ್ಟೆ. ಅವಳಿಗೆ ಓದಲು ಬಾರದು. ಎರಡು ಸಲ ಓದಿಸಿ ಕೇಳಿದಳು. ‘ಮನಸ್ಸಿನಲ್ಲಾಗಲಿ’ ಎಂಬಲ್ಲಿ ನನ್ನನ್ನು ತಡೆದು, ‘ಅದೂ ಬರದೀರೇನ್ರಿ?’ ಅಂದಳು.

ಹಬ್ಬಕ್ಕೆ ಮೊದಲೇ ನನ್ನ ಟ್ರಾನ್ಸ್‌ಫರ್ ಆರ್ಡರ್ ಬಂತು. ದೇವದುರ್ಗದ ಡಿಸ್ಪೆನ್ಸರಿ. ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ. ಪೆಟ್ಟಿಗೆ ಕಟ್ಟಿದೆ.

ಹಿರಿಯರ ಮುಂದೆ ನಡೆದದ್ದನ್ನು ಆಯಾ ಮಾನ್ವಿಯಲ್ಲಿದ್ದ ತನ್ನ ನಂಟರಿಂದ ತಿಳಿದು ಹೇಳಿಕಳಿಸಿದಳು. ಕಾಗದ ಓದಿದರಂತೆ. ಅತ್ತೆ ‘ಆ ಡಾಕ್ಟರಮ್ಮಗ ಮದಿವಿಯೇ ಆಗಿಲ್ಲ, ಆಕಿಗೇನು ತಿಳೀತದ?’ ಅಂದಳಂತೆ. ಮಾತು ಖರೇನೇ. ಆಮೇಲೆ ಹಿರಿಯರು ಮಗನನ್ನು ಕೇಳಿದರು. ಅವನು ಎದ್ದು ನಿಂತು, ‘ಆ ಹೊಸ ಹೆಣ್ಣಿನ ಕಡೆಯವ್ರಿಗಿ ಬ್ಯಾಡ ಅಂತ ಹೇಳಿಕಳಸ್ರಿ. ತಪ್ಪು ಈಕೀದಲ್ಲ. ನೋಯ್ತದೇನು ಅಂತ ನಾ ಒಂದಿನ ಕೇಳಿದಾಂವಲ್ಲ,’ ಅಂದನಂತೆ. ಇನ್ನೇನೂ ಹೇಳಲಿಲ್ಲ. ಅತ್ತೆ ಎದ್ದು ಒಳಗೆ ಹೋದಳು. ಎರಡನೆ ಮದುವೆಯ ಮಾತು ಮುರಿಯಿತು.

ದೇವದುರ್ಗದಲ್ಲಿ ನನ್ನ ಡಿಸ್ಪೆನ್ಸರಿ ಅಂದರೆ ಎರಡು ಕೋಣೆ, ಒಂದು ಕಪಾಟು. ಎಳ್ಳಮಾವಾಸ್ಯೆಯ ಹೊತ್ತಿಗೆ, ಹೊಲದಲ್ಲಿ ನೈವೇದ್ಯದ ಚರಗ ಚೆಲ್ಲುವ ಹಬ್ಬಕ್ಕೆ, ಹೆಣ್ಣುಮಕ್ಕಳು ತವರಿಗೆ ಬರುವ ಕಾಲ, ಬೆಳಿಗ್ಗೆ ಹತ್ತರ ಸುಮಾರಿಗೆ ಅವಳು ಬಾಗಿಲಲ್ಲಿ ನಿಂತಿದ್ದಳು. ಸಜ್ಜೆ ರೊಟ್ಟಿಯ ಗಂಟು ಒಂದು ಕೈಯಲ್ಲಿ, ಮಗಳು ಇನ್ನೊಂದು ಕೈಯಲ್ಲಿ. ತವರಿಗೇ ಕಳಿಸಿಬಿಟ್ಟರೋ ಅಂದುಕೊಂಡಿದ್ದೆ, ಮಗುವನ್ನು ನೋಡಿದ ಮೇಲೆಯೇ ನನಗೆ ಉಸಿರು ಬಂತು.

ಕುರ್ಚಿಯಲ್ಲಿ ಕೂತಳು, ನನ್ನ ಎದುರಿಗೇ. ಸೆರಗು ಹೆಗಲ ಮೇಲಿತ್ತು. ಅದೂ ಇದೂ ಮಾತಾದ ಮೇಲೆ ಡಾಕ್ಟರಾಗಿ ಕೇಳಬೇಕಾದದ್ದನ್ನು ಕೇಳಿದೆ. ಆಯಾ ಹೇಳಿದ ಆ ಕೊನೆಯನ್ನು ಮುಟ್ಟುತ್ತಾಳೋ ಅಂತ.

‘ಒಮ್ಮೊಮ್ಮಿ,’ ಅಂದಳು, ಯೋಚಿಸಿ, ಸರಿಯಾಗಿ ಉತ್ತರ ಕೊಡಬೇಕು ಅನ್ನುವ ಹಾಗೆ. ‘ಎಲ್ಲಾ ಸಲ ಇಲ್ರಿ. ಮೊದಲ್ನೇ ಸಲ ಹೆದರಿಬಿಟ್ಟಿದ್ದೆ, ಏನಾತಪಾ ನನಗ ಅಂತ. ಇವರೂ ಹೆದರಿದ್ರು.’ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ‘ಆಗದಿದ್ರ ಆಗಲಿಲ್ಲ. ಮಾತಾಡಕೋತ ಮಲಗ್ತೀವಿ.’

ಕಾರ್ಡು ನನ್ನ ಹತ್ತಿರ ಇರಲಿಲ್ಲ, ರಾಯಚೂರಿನಲ್ಲೇ ಉಳಿದಿತ್ತು. ಇದ್ದಿದ್ದರೂ ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕಿತ್ತೋ.

‘ತವರಿಗಿ ಬಂದೀದಿ, ಹದಿನೈದು ದಿನ ಇರು. ಮೈಗೆ ಸ್ವಲ್ಪ ವಿಶ್ರಾಂತಿ ಸಿಗ್ತದ,’ ಅಂದೆ.

‘ಇಲ್ರಿ. ನಾಡಿದ್ದು ಹೋಗ್ತೀನಿ.’

‘ಯಾಕ? ಅತ್ತಿ ಬೈತಾಳೇನು?’

‘ಅತ್ತಿ ಏನನ್ನಂಗಿಲ್ಲ.’

‘ಮತ್ತ ಗಂಡ ಬಾ ಅಂದಾನೇನು?’

‘ಅವರೂ ಅಂದಿಲ್ರಿ. ಇರು ಅಂದಾರ.’ ಅವಳು ಮಗಳ ಜಡೆಯ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ನನ್ನ ಮುಖ ನೋಡಿಯೇ ಹೇಳಿದಳು.

‘ನನಗೇ ಹೋಗಬೇಕು ಅನಸ್ತದ್ರಿ.’